ಮುಖ ಊದಿ ಬಂದ ಹುಡುಗಿ, ಕೋರೆಯ ಶೆಡ್ಡಿನ ಕಜ್ಜಿ: ಉಡುಪಿ ಜಿಲ್ಲೆಯ ಒಂದು ಪ್ರಕರಣ

ಈ ಹುಡುಗಿಯನ್ನು ನಮ್ಮಲ್ಲಿಗೆ ಕರೆತಂದದ್ದು ಕಜ್ಜಿಗೆ ಮದ್ದು ಕೇಳಲಿಕ್ಕಲ್ಲ. ಬೆಳಿಗ್ಗೆ ಎದ್ದಾಗ ಮುಖ ಊದಿಕೊಂಡಿತ್ತು, ರೆಪ್ಪೆ ದಪ್ಪವಾಗಿ ಕಣ್ಣು ಸರಿಯಾಗಿ ತೆರೆಯುತ್ತಿರಲಿಲ್ಲ. ಅಮ್ಮ ಹೆದರಿ ಎತ್ತಿಕೊಂಡು ಬಂದಿದ್ದರು. ವಯಸ್ಸು ಆರು, ಒಂದನೇ ಕ್ಲಾಸು. ಮನೆ ಎಂದರೆ ಕೆಂಪುಕಲ್ಲಿನ ಕೋರೆಯ ಪಕ್ಕದ ತಗಡಿನ ಶೆಡ್ಡು. ಅಪ್ಪ ಕಲ್ಲು ಕಟ್ ಮಾಡುವ ಮೆಷಿನ್ನಿನಲ್ಲಿ, ಅಮ್ಮ ಲಾರಿಗೆ ಕಲ್ಲು ಲೋಡ್ ಮಾಡುವ ಕೆಲಸದಲ್ಲಿ. ಊರು ಬಾಗಲಕೋಟೆ ಕಡೆ.

ನಾನು ಅಲ್ಲಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹೆಸರು, ಜಾಗ, ಗುರುತು ಸಿಗುವ ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಇಂಥ ಶೆಡ್ಡುಗಳು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಇವೆ, ಕೆಲಸ ಮಾಡುವ ಆಶಾ, ಅಂಗನವಾಡಿ ಮತ್ತು ಶಾಲೆಯವರಿಗೆ ಈ ಪ್ರಕರಣ ಉಪಯೋಗಕ್ಕೆ ಬರಬಹುದು.

ಬಿಪಿ ನೋಡಿದೆ. ಆರು ವರ್ಷದ ಮಗುವಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಮೂತ್ರ ಹೇಗೆ ಹೋಗ್ತಾ ಉಂಟು ಎಂದು ಕೇಳಿದೆ. "ಎರಡು ದಿನ ಆತ್ರಿ, ಕೆಂಪಗ ಹೊಂಟೈತಿ. ಮೈ ಉಷ್ಣ ಆಗೇತಿ ಅಂತ ಮಜ್ಜಿಗಿ ಕುಡಿಸೇನ್ರಿ" ಎಂದರು ಅಮ್ಮ. ಮೂತ್ರ ಹಿಡಿಸಿದಾಗ ಅದು ಹಾಲು ಹಾಕದ ಚಹಾದ ಬಣ್ಣಕ್ಕಿತ್ತು. ಪರೀಕ್ಷೆಯ ಪಟ್ಟಿ ಅದ್ದಿ ನೋಡಿದರೆ ರಕ್ತವೂ ಇದೆ, ಪ್ರೋಟೀನೂ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದರು. 108ಕ್ಕೆ ಕಾಯುತ್ತಾ ಕೂತಿದ್ದಾಗ ಹುಡುಗಿಯ ಕೈ ಕಣ್ಣಿಗೆ ಬಿತ್ತು.

ಬೆರಳುಗಳ ಸಂದಿಯಲ್ಲಿ ಸಣ್ಣ ಸಣ್ಣ ಗುಳ್ಳೆ. ಮಣಿಕಟ್ಟಿನ ಒಳಬದಿಯಲ್ಲಿ ಕೆರೆದು ಕೆರೆದು ಆದ ಗಾಯ, ಅದರ ಮೇಲೆ ಜೇನಿನ ಬಣ್ಣದ ಹಕ್ಕಳೆ. ಸೊಂಟದ ಸುತ್ತ, ಲಂಗದ ಲಾಡಿ ಕಟ್ಟುವ ಕಡೆ, ಅದೇ ಥರ. ತೊಡೆಯಲ್ಲಿ ಕೀವು ತುಂಬಿದ ಎರಡು ಗಾಯ ಇನ್ನೂ ಹಸಿ ಇದ್ದವು.

ಆಸ್ಪತ್ರೆಯಲ್ಲಿ ಕೊಟ್ಟ ರೋಗದ ಹೆಸರು ಉದ್ದದ್ದು, ವಿಷಯ ಸರಳ. ಕೆರೆದ ಚರ್ಮದ ಗಾಯಕ್ಕೆ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದೆ. ಅದರ ವಿರುದ್ಧ ದೇಹ ಮಾಡಿದ ಹೋರಾಟದ ಪೆಟ್ಟು ಕಿಡ್ನಿಗೆ ಬಿದ್ದಿದೆ. ಚರ್ಮದ ಸೋಂಕಾಗಿ ಸುಮಾರು ಮೂರು ವಾರ, ಕೆಲವೊಮ್ಮೆ ಇನ್ನೂ ತಡವಾಗಿ, ಇದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಮಕ್ಕಳ ಗಾಯ ಒಣಗಿಯೇ ಹೋಗಿರುತ್ತದೆ, ಹಾಗಾಗಿ ಕಜ್ಜಿಗೂ ಕಿಡ್ನಿಗೂ ಸಂಬಂಧ ಇದೆ ಎಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಹೆಚ್ಚಿನ ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಈ ಹುಡುಗಿಯೂ ಗುಣವಾದಳು. ಉಪ್ಪು ಕಡಿಮೆ ಮಾಡಿ, ಮೂತ್ರ ಹೋಗುವ ಔಷಧಿ ಕೊಟ್ಟು, ಬಿಪಿ ಹತೋಟಿಗೆ ತಂದು, ಗಾಯಕ್ಕೆ ಆಂಟಿಬಯಾಟಿಕ್ ಕೊಟ್ಟು ಮನೆಗೆ ಕಳಿಸಿದರು.

ಆದರೆ ಅವಳು ವಾಪಸು ಹೋಗುವುದು ಅದೇ ಶೆಡ್ಡಿಗೆ, ಮಲಗುವುದು ಅದೇ ಕೌದಿಯೊಳಗೆ. ನಮ್ಮ ಕೆಲಸ ಶುರುವಾದದ್ದು ಅಲ್ಲಿಂದ.

ಮೊದಲು ಆದದ್ದೇನು

ಅಮ್ಮ ಹೇಳಿದ ಕತೆಯನ್ನು ಜೋಡಿಸಿದರೆ ಹೀಗಿದೆ. ದೀಪಾವಳಿ ಕಳೆದು ಊರಿನಿಂದ ಬಂದ ಮೇಲೆ ಮೊದಲು ಚಿಕ್ಕ ಮಗನಿಗೆ ತುರಿಕೆ ಶುರುವಾಯಿತು, ಆಮೇಲೆ ಇವಳಿಗೆ. "ರಾತ್ರಿ ಆತಂದ್ರ ಸಾಕು ಅಕ್ಕಾರ, ಪರಾ ಪರಾ ಕೆರಕೋತಾವ್ರಿ. ಯಾರಿಗೂ ನಿದ್ದಿ ಇಲ್ಲ." ಮೆಡಿಕಲ್ಲಿನಲ್ಲಿ ಕೇಳಿ ಒಂದು ಟ್ಯೂಬು ತಂದರು. ಆ ಟ್ಯೂಬನ್ನು ನಾನೂ ನೋಡಿದೆ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ಸಿನ ಔಷಧಿ ಎಲ್ಲ ಒಟ್ಟಿಗೆ ಸೇರಿಸಿದ ಕ್ರೀಮು. ಹಚ್ಚಿದರೆ ಎರಡು ದಿನದಲ್ಲಿ ಉರಿ, ಕೆಂಪು ಇಳಿಯುತ್ತದೆ. ಕಜ್ಜಿಗೆ ಕಾರಣವಾದ, ಚರ್ಮದ ಒಳಗಿನ ಸಣ್ಣ ಹುಳಕ್ಕೆ ಏನೂ ಆಗುವುದಿಲ್ಲ. ಅದು ಆರಾಮಾಗಿ ಮೊಟ್ಟೆ ಇಡುತ್ತಾ ಹೋಗುತ್ತದೆ. ಚರ್ಮ ನೋಡಿದವರಿಗೆ ಕಜ್ಜಿಯ ಗುರುತೂ ಸಿಗದ ಹಾಗೆ ಆಗುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿದೆ. ಆದರೂ ಹಳ್ಳಿಯ ಬಡವರ ಮನೆಯ ಗೂಡಿನಲ್ಲಿ ನನಗೆ ಹೆಚ್ಚಾಗಿ ಸಿಗುವುದು ಇದೇ ಟ್ಯೂಬು. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ.

ಆಮೇಲೆ ಒಂದು ಕ್ಲಿನಿಕ್ಕಿಗೂ ಹೋಗಿದ್ದರು. ಅಲ್ಲಿ ಸರಿಯಾದ ಔಷಧಿಯನ್ನೇ ಬರೆದಿದ್ದರು: ಪರ್ಮೆಥ್ರಿನ್ ಕ್ರೀಮು. ಆದರೆ ಬರೆದದ್ದು ಹುಡುಗಿಯೊಬ್ಬಳಿಗೆ, ಒಂದೇ ಟ್ಯೂಬು. ಅವಳಿಗೆ ಹಚ್ಚಿದರು, ಅವಳ ಪಕ್ಕ ಮಲಗುವ ತಮ್ಮನಿಗೆ ಹಚ್ಚಲಿಲ್ಲ. ಸ್ವಲ್ಪ ದಿನದಲ್ಲೇ ತುರಿಕೆ ಮರಳಿ ಬಂತು. ಔಷಧಿ ಸುಳ್ಳು ಎಂಬ ತೀರ್ಮಾನಕ್ಕೆ ಮನೆಯವರು ಬಂದದ್ದು ಸಹಜ ಅಲ್ವಾ?

ಇದರ ನಡುವೆ ಶಾಲೆಯಲ್ಲಿ, ಕಜ್ಜಿ ವಾಸಿಯಾಗುವವರೆಗೆ ಕಳಿಸಬೇಡಿ, ದಿನಾ ಸ್ನಾನ ಮಾಡಿಸಿ ಎಂದಿದ್ದರು. ಅಮ್ಮನಿಗೆ ಬಹಳ ನೋವು ಕೊಟ್ಟದ್ದು ಅದೇ. "ನಾವೇನು ಜಳಕಾ ಮಾಡಸೂದಿಲ್ಲೇನ್ರಿ? ದಿನಾ ಜಳಕಾ ಮಾಡಿಸೇ ಸಾಲಿಗೆ ಕಳಸ್ತೀನ್ರಿ" ಎಂದು ಕಣ್ಣು ಒರೆಸಿಕೊಂಡರು. ಅವರು ಹೇಳಿದ್ದು ನಿಜ. ಕಜ್ಜಿ ಕೊಳೆಯಿಂದ ಬರುವ ರೋಗವಲ್ಲ. ಹುಳ ಇರುವುದು ಚರ್ಮದ ಮೇಲ್ಪದರದ ಒಳಗೆ, ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ತೊಳೆದು ಹೋಗುವುದಿಲ್ಲ. ದಿನಕ್ಕೆ ಎರಡು ಸಲ ಸ್ನಾನ ಮಾಡುವ ಹಾಸ್ಟೆಲ್ ಹುಡುಗರಿಗೂ ಬರುತ್ತದೆ. ಇಕ್ಕಟ್ಟಿನಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುವ ಕಡೆ ಜಾಸ್ತಿ ಬರುತ್ತದೆ, ಅಷ್ಟೇ. ಒಂದು ಕೋಣೆಯ ಶೆಡ್ಡಿನಲ್ಲಿ ಆರು ಜನ ಮಲಗುವುದು ಯಾರೂ ಇಷ್ಟಪಟ್ಟು ಮಾಡಿಕೊಂಡ ಏರ್ಪಾಡಲ್ಲ.

ಹುಳದ ಲೆಕ್ಕ

ಶೆಡ್ಡಿನ ಹೆಂಗಸರಿಗೆ ವಿವರಿಸಲು ನಾನು ಒಂದು ಭೂತಗನ್ನಡಿ, ಒಂದು ಟಾರ್ಚು, ಒಂದು ಇಂಕ್ ಪೆನ್ನು ತೆಗೆದುಕೊಂಡು ಹೋಗಿದ್ದೆ. ಬೆರಳ ಸಂದಿಯ ಗುಳ್ಳೆಯ ಮೇಲೆ ಇಂಕ್ ಸವರಿ, ಒಂದು ಗಳಿಗೆ ಬಿಟ್ಟು, ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಸುತ್ತಲಿನ ಇಂಕ್ ಹೋಗುತ್ತದೆ. ಹುಳ ಕೊರೆದ ದಾರಿಯೊಳಗೆ ಇಳಿದ ಇಂಕ್ ಉಳಿಯುತ್ತದೆ. ಕೆಲವೇ ಮಿಲಿಮೀಟರ್ ಉದ್ದದ, ಸೊಟ್ಟಗಿನ ನೀಲಿ ಗೆರೆ. ಪಕ್ಕದ ಶೆಡ್ಡಿನ ಒಂದು ಹುಡುಗನ ಕೈಯಲ್ಲಿ ಅದು ಸ್ಪಷ್ಟವಾಗಿ ಮೂಡಿತು. ಹೆಂಗಸರೆಲ್ಲ ಬಗ್ಗಿ ನೋಡಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ಕೈ ಚಾಚಿದರು. ಆವರೆಗೆ "ನಮ್ಮ ಮನ್ಯಾಗ ಯಾರಿಗೂ ಇಲ್ರಿ" ಎಂದವರೂ ಚಾಚಿದರು. ಒಂದು ಗಂಟೆಯ ಭಾಷಣಕ್ಕಿಂತ ಆ ಒಂದು ಗೆರೆಯಿಂದ ಜಾಸ್ತಿ ಕೆಲಸ ಆಯಿತು.

ಹೆಣ್ಣು ಹುಳ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ, ಒಂದೆರಡು ತಿಂಗಳು ಬದುಕುತ್ತದೆ. ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಒಡೆದು, ಸುಮಾರು ಎರಡು ವಾರದಲ್ಲಿ ಮರಿ ದೊಡ್ಡದಾಗುತ್ತದೆ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವುದು ಹತ್ತು ಹದಿನೈದು ಹುಳ ಮಾತ್ರ. ಇಷ್ಟು ತುರಿಕೆ ಬರುವುದು ಹುಳ ಕಚ್ಚಿದ್ದರಿಂದ ಅಲ್ಲ, ಹುಳ, ಅದರ ಮೊಟ್ಟೆ ಮತ್ತು ಹಿಕ್ಕೆಗೆ ಮೈ ತೋರಿಸುವ ಅಲರ್ಜಿಯಿಂದ. ಹಾಗಾಗಿ ಮೊದಲ ಸಲ ಹುಳ ಹತ್ತಿದವರಿಗೆ ತುರಿಕೆ ಶುರುವಾಗಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಅವರಿಗೆ ಗೊತ್ತೇ ಇರುವುದಿಲ್ಲ, ಆದರೆ ಬೇರೆಯವರಿಗೆ ಹಂಚುತ್ತಿರುತ್ತಾರೆ. ಹಿಂದೆ ಬಂದು ಹೋದವರಿಗೆ ಒಂದರಿಂದ ನಾಲ್ಕು ದಿನದಲ್ಲೇ ತುರಿಕೆ.

ಈ ಲೆಕ್ಕ ಮನಸ್ಸಿಗೆ ಬಂದರೆ ಚಿಕಿತ್ಸೆಯ ದಾರಿ ತಾನಾಗಿಯೇ ಕಾಣುತ್ತದೆ. ತುರಿಕೆ ಇದ್ದವರಿಗಷ್ಟೇ ಔಷಧಿ ಕೊಟ್ಟರೆ, ಇನ್ನೂ ತುರಿಕೆ ಶುರುವಾಗದವರ ಮೈಯಲ್ಲಿ ಹುಳ ಉಳಿಯುತ್ತದೆ. ಒಟ್ಟಿಗೆ ಮಲಗುವವರೆಲ್ಲರಿಗೂ ಒಂದೇ ರಾತ್ರಿ ಕೊಡಬೇಕು. ಇವತ್ತು ಒಬ್ಬರಿಗೆ, ಬರುವ ವಾರ ಇನ್ನೊಬ್ಬರಿಗೆ ಎಂದರೆ ಇಡೀ ವರ್ಷ ಹಚ್ಚುತ್ತಲೇ ಇರಬೇಕಾದೀತು.

ಯಾರ ಪಕ್ಕ ಯಾರು

ಆ ಕೋರೆಯಲ್ಲಿ ಹತ್ತು ಹನ್ನೆರಡು ಶೆಡ್ಡುಗಳು. ಆಶಾ ಅಕ್ಕ ಪಟ್ಟಿ ಮಾಡಲು ಹೊರಟರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ರೇಷನ್ ಕಾರ್ಡಿನ ಲೆಕ್ಕ ಸಿಗುತ್ತದೆ. ಆಶಾ ಅಕ್ಕ ಬೇರೆ ಥರ ಕೇಳಿದರು: ರಾತ್ರಿ ಯಾರ ಪಕ್ಕ ಯಾರು ಮಲಗ್ತೀರಿ? ಆಗ ಬೇರೆಯೇ ಚಿತ್ರ ಬಂತು. ಒಂದು ಶೆಡ್ಡಿಗೆ ಲಾರಿಯ ಕಾಕಾ ವಾರಕ್ಕೆ ಎರಡು ಸಲ ಬಂದು ಮಕ್ಕಳ ಜೊತೆ ಮಲಗುತ್ತಾರೆ. ಇನ್ನೊಂದು ಶೆಡ್ಡಿನ ಇಬ್ಬರು ಹುಡುಗಿಯರು, ಅಮ್ಮ ಅಪ್ಪ ರಾತ್ರಿ ಲೋಡಿಂಗಿಗೆ ಹೋದಾಗ, ನಮ್ಮ ಹುಡುಗಿಯ ಮನೆಯಲ್ಲೇ ಮಲಗುತ್ತಾರೆ. ಒಬ್ಬ ಅಜ್ಜಿ ದಿನವಿಡೀ ನಾಲ್ಕು ಮನೆಯ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿಕೊಳ್ಳುತ್ತಾರೆ. ಅವರ ಕೈಯಲ್ಲೂ ಗುಳ್ಳೆ ಇತ್ತು. ವಯಸ್ಸಾಯಿತು, ಚರ್ಮ ಒಣಗಿದೆ ಎಂದುಕೊಂಡಿದ್ದರು. ಈ ಒಂದು ಪ್ರಶ್ನೆಗಾಗಿಯೇ ಆಶಾ ಅಕ್ಕನಿಗೆ ಕೈ ಮುಗಿಯಬೇಕು.

ಕೆಲವರು ಮುಖ ತಿರುಗಿಸಿದರು. ಕಜ್ಜಿ ಎಂದು ಹೆಸರು ಬಂದರೆ ಕೆಲಸದಿಂದ ತೆಗೆದಾರು ಎಂಬ ಹೆದರಿಕೆ. ಆಶಾ ಅಕ್ಕ ನಮ್ಮೂರಿನವರು, ಅವರ ಮಾತೇ ಹಾಗೆ: "ನನ್ನ ಮಗನಿಗೂ ಬಂದಿತ್ತು ಮಾರ್ರೆ, ಇದರಲ್ಲಿ ನಾಚಿಕೆ ಎಂಥದ್ದು?" ಅಕ್ಕಪಕ್ಕದ ಮನೆಯವರೊಬ್ಬರು ನಾಗದೋಷ ಇರಬಹುದು ಎಂದೂ ಹೇಳಿದ್ದರಂತೆ. ತುಳುನಾಡಿನಲ್ಲಿ ಚರ್ಮದ ಕಾಯಿಲೆ ಬಂದರೆ ಹಾಗೆ ಹೇಳುವವರು ಈಗಲೂ ಇದ್ದಾರೆ. ನಾವು ವಾದಕ್ಕೆ ಹೋಗಲಿಲ್ಲ. ನಾಗಬನಕ್ಕೆ ಹೋಗಿ ಬನ್ನಿ, ಶನಿವಾರ ರಾತ್ರಿ ಮದ್ದು ಹಚ್ಚುವುದನ್ನು ಮಾತ್ರ ತಪ್ಪಿಸಬೇಡಿ ಎಂದೆವು.

ಶನಿವಾರ ಯಾಕೆಂದರೆ ಭಾನುವಾರ ಕೋರೆಗೆ ರಜೆ. ಗಂಡಸರು ಸಂಜೆ ಏಳರ ಮೇಲೆ ಕೆಂಪು ಧೂಳು ಮೆತ್ತಿಕೊಂಡು ಬರುತ್ತಾರೆ. ಸ್ನಾನ ಮಾಡಿ, ಮೈ ಒಣಗಿ ತಣ್ಣಗಾದ ಮೇಲೆ ಹಚ್ಚಬೇಕು. ಬೇರೆ ದಿನವಾದರೆ ಬೆಳಗಿನ ಜಾವ ಎದ್ದು ತೊಳೆದುಕೊಂಡು ಕೆಲಸಕ್ಕೆ ಓಡುತ್ತಾರೆ. 5 ಶೇಕಡಾ ಪರ್ಮೆಥ್ರಿನ್ ಕ್ರೀಮು ಮೈಮೇಲೆ ಎಂಟರಿಂದ ಹದಿನಾಲ್ಕು ಗಂಟೆ ಇರಬೇಕು.

ಔಷಧಿ ಹೊಂದಿಸುವುದೇ ಕಷ್ಟದ ಭಾಗ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಮ್ ಕ್ರೀಮು ಬೇಕು, ಅದೂ ಎರಡು ಸಲ. ಆರು ಜನರ ಸಂಸಾರಕ್ಕೆ ಎಷ್ಟು ಟ್ಯೂಬು ಎಂದು ಲೆಕ್ಕ ಹಾಕಿದರೆ ದಿನಗೂಲಿಯವರು ಯಾಕೆ ಒಂದೇ ಟ್ಯೂಬಿಗೆ ಮುಗಿಸುತ್ತಾರೆ ಎಂದು ಅರ್ಥವಾಗುತ್ತದೆ. ನಮ್ಮಲ್ಲಿದ್ದ ದಾಸ್ತಾನು ಸಾಲುತ್ತಿರಲಿಲ್ಲ. ಡಾಕ್ಟರು ಒಂದು ದಾರಿ ಮಾಡಿದರು. 15 ಕಿಲೋಗಿಂತ ಜಾಸ್ತಿ ತೂಕದ ಮಕ್ಕಳಿಗೆ ಮತ್ತು ದೊಡ್ಡವರಿಗೆ ಐವರ್ಮೆಕ್ಟಿನ್ ಮಾತ್ರೆ, ತೂಕದ ಪ್ರಕಾರ ಕಿಲೋಗೆ 200 ಮೈಕ್ರೋಗ್ರಾಮ್. ಗರ್ಭಿಣಿಗೆ, ಚಿಕ್ಕ ಮಕ್ಕಳಿಗೆ ಆ ಮಾತ್ರೆ ಇಲ್ಲ, ಅವರಿಗೆ ಕ್ರೀಮು. ಎಂಟು ತಿಂಗಳ ಒಂದು ಕೂಸಿಗೆ ಅಂಗೈ, ಅಂಗಾಲು, ತಲೆಯಲ್ಲೂ ಗುಳ್ಳೆ ಇತ್ತು. ದೊಡ್ಡವರಿಗೆ ಕುತ್ತಿಗೆಯಿಂದ ಕೆಳಗೆ ಹಚ್ಚಿದರೆ ಸಾಕು, ಕೂಸಿಗೆ ಕಣ್ಣು ಬಾಯಿ ಬಿಟ್ಟು ತಲೆಗೂ ಹಚ್ಚಬೇಕು. ಎರಡು ತಿಂಗಳು ದಾಟಿದ ಕೂಸಿಗೆ ಪರ್ಮೆಥ್ರಿನ್ ಹಚ್ಚಬಹುದು. ಅದಕ್ಕಿಂತ ಎಳೆಯ ಕೂಸಿದ್ದರೆ ಗಂಧಕದ ಮುಲಾಮು ಇದೆ. ಗಂಧಕ ನಮ್ಮ ಹಿರಿಯರೂ ಬಳಸಿದ ಮದ್ದೇ, ನಿಜವಾಗಿ ಕೆಲಸ ಮಾಡುತ್ತದೆ, ವಾಸನೆ ಮಾತ್ರ ತಡೆದುಕೊಳ್ಳಬೇಕು. ಕೋರೆಯ ಧಣಿಗಳ ಹತ್ತಿರವೂ ಹೋದೆವು. ನಿದ್ದೆಯಿಲ್ಲದ ಗಂಡಸರು ಮೆಷಿನ್ನಿನ ಬ್ಲೇಡಿನ ಎದುರು ನಿಲ್ಲುತ್ತಿದ್ದಾರೆ ಎಂದು ಹೇಳಿದ ಮೇಲೆ ಉಳಿದ ಕ್ರೀಮಿನ ಖರ್ಚು ಅವರೇ ಕೊಟ್ಟರು.

ಹಚ್ಚುವ ದಿನ ಆಶಾ ಅಕ್ಕ ಮತ್ತು ನಾನು ಶೆಡ್ಡಿನಿಂದ ಶೆಡ್ಡಿಗೆ ಹೋದೆವು. ಉಗುರು ಕತ್ತರಿಸಿ, ಉಗುರಿನ ಅಡಿಗೂ ಕ್ರೀಮು. ಬೆರಳ ಸಂದಿ, ಕಂಕುಳು, ಹೊಕ್ಕುಳು, ಕುಂಡಿಯ ಮಡಿಕೆ, ಮರ್ಮಾಂಗ, ಅಂಗಾಲು. ಜನ ತುರಿಸುವ ಜಾಗಕ್ಕೆ ಮಾತ್ರ ಹಚ್ಚಿ ಬಿಡುತ್ತಾರೆ. ಹೆಂಗಸರು ಹಚ್ಚಿಕೊಂಡ ಮೇಲೆ ಪಾತ್ರೆ ತೊಳೆಯುತ್ತಾರೆ, ಮಗುವಿನ ಕುಂಡಿ ತೊಳೆಯುತ್ತಾರೆ, ಕೈಯ ಕ್ರೀಮೆಲ್ಲ ಹೋಗಿಬಿಡುತ್ತದೆ. ಹುಳ ಬಹಳ ಇರುವುದೇ ಕೈಯಲ್ಲಿ. ಕೈ ತೊಳೆದಾಗಲೆಲ್ಲ ಪುನಃ ಹಚ್ಚಿ ಎಂದು ಪ್ರತಿ ಮನೆಯಲ್ಲೂ ಹೇಳಿದೆವು.

ಕೌದಿಯ ಚಿಂತೆ

ಹಳೇ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಕೌದಿ ಅವರ ಹಾಸಿಗೆಯೂ ಹೌದು, ಹೊದಿಕೆಯೂ ಹೌದು. ನೆನೆದರೆ ಇಬ್ಬರು ಸೇರಿ ಎತ್ತಬೇಕು. ಅಲ್ಲಿಗೆ ನೀರು ಬರುವುದು ಟ್ಯಾಂಕರಿನಲ್ಲಿ. ಎಲ್ಲವನ್ನೂ ಬಿಸಿನೀರಲ್ಲಿ ಒಗೆಯಿರಿ ಎಂದು ಪುಸ್ತಕದಲ್ಲಿ ಇದ್ದ ಹಾಗೆ ಹೇಳಿದರೆ, ಆಗದ ಮಾತು ಎಂದು ಉಳಿದದ್ದನ್ನೂ ಬಿಟ್ಟುಬಿಡುತ್ತಾರೆ.

ಇಲ್ಲಿ ಹಳೆಯದೊಂದು ಸಂಶೋಧನೆ ನೆರವಿಗೆ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ, ಯುದ್ಧಕ್ಕೆ ಹೋಗಲು ಒಪ್ಪದ ಸ್ವಯಂಸೇವಕರನ್ನು ಇಟ್ಟುಕೊಂಡು ಕಜ್ಜಿ ಹೇಗೆ ಹರಡುತ್ತದೆ ಎಂದು ಪರೀಕ್ಷೆ ಮಾಡಿದರು. ಕಜ್ಜಿ ಇದ್ದವರ ಕಂಬಳಿ ಹೊದ್ದು ಮಲಗಿದವರಿಗೆ ರೋಗ ಬಂದದ್ದು ತೀರಾ ಅಪರೂಪ. ಮೈಗೆ ಮೈ ತಾಗಿಸಿ ಒಟ್ಟಿಗೆ ಮಲಗಿದವರಿಗೆ ಬಂತು. ಮನುಷ್ಯನ ಮೈ ಬಿಟ್ಟ ಹುಳ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದು ಕಷ್ಟ. ಹಾಗಾಗಿ ನಾವು ಹೇಳಿದ್ದು ಇಷ್ಟು: ಮೈಮೇಲಿನ ಬಟ್ಟೆ, ಮಕ್ಕಳ ಒಳಬಟ್ಟೆ, ಟವೆಲು ಒಗೆದು ಬಿಸಿಲಿಗೆ ಹಾಕಿ. ಕೌದಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ನಾಲ್ಕು ದಿನ ಮೂಲೆಗೆ ಇಡಿ. ಆ ನಾಲ್ಕು ದಿನಕ್ಕೆ ಹೊದೆಯಲು ಆಶಾ ಅಕ್ಕ ಊರಿನ ಮನೆಗಳಿಂದ ಬೆಡ್‌ಶೀಟು ಕೇಳಿ ತಂದರು. ಹೆಂಗಸರ ಬಲವನ್ನು ಒಗೆಯುವುದರಲ್ಲಿ ಮುಗಿಸುವ ಬದಲು, ಒಬ್ಬರೂ ಬಿಡದ ಹಾಗೆ ಮದ್ದು ಹಚ್ಚುವುದರಲ್ಲಿ ಹಾಕಿಸಬೇಕು ಎಂಬುದು ನನ್ನ ಅಭಿಪ್ರಾಯ.

ಆಮೇಲೆ

ತುರಿಕೆ ಮರುದಿನವೇ ನಿಲ್ಲುವುದಿಲ್ಲ. ಹುಳ ಸತ್ತ ಮೇಲೂ ಅಲರ್ಜಿ ಇಳಿಯಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಹಚ್ಚುವ ಮೊದಲೇ ಹೇಳಿದ್ದೆವು. ಆದರೂ ನಾಲ್ಕನೇ ದಿನಕ್ಕೆ ಒಬ್ಬರು ಬಂದರು: "ಇನ್ನಾ ಕೆರೀತೈತ್ರಿ, ದಿನಾ ಹಚ್ಚಲೇನ್ರಿ?" ದಿನಾ ಹಚ್ಚಿದರೆ ಚರ್ಮವೇ ಉರಿದು ಹೊಸ ತುರಿಕೆ ಶುರುವಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ, ಮಲಗುವಾಗ ಡಾಕ್ಟರು ಕೊಟ್ಟ ತುರಿಕೆಯ ಮಾತ್ರೆ ತೆಗೆದುಕೊಳ್ಳಿ ಎಂದೆವು. ಎರಡನೇ ಸುತ್ತಿನ ಔಷಧಿ ಮರು ಶನಿವಾರ ಬಿಟ್ಟು ಅದರಾಚೆಯ ಶನಿವಾರ. ಐವರ್ಮೆಕ್ಟಿನ್ ಮಾತ್ರೆ ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಒಡೆದು ಬಂದ ಮರಿಗಳಿಗಾಗಿ ಈ ಎರಡನೇ ಸುತ್ತು. ಲಾರಿಯ ಕಾಕಾ ಆ ದಿನ ಶಿವಮೊಗ್ಗಕ್ಕೆ ಹೋಗಿದ್ದರು. ಅವರು ಬರುವವರೆಗೆ ಮಕ್ಕಳ ಜೊತೆ ಮಲಗುವುದು ಬೇಡ ಎಂದು ಮನೆಯವರೇ ತೀರ್ಮಾನಿಸಿ, ಬಂದ ರಾತ್ರಿ ಮಾತ್ರೆ ಕೊಟ್ಟರು.

ಒಂದು ತಿಂಗಳು ಕಳೆದು ನೋಡಿದಾಗ ಮಕ್ಕಳ ಕೈಯಲ್ಲಿ ಹೊಸ ಗೆರೆ ಇರಲಿಲ್ಲ. ಹುಡುಗಿಯ ಬಿಪಿ ಸರಿಯಾಗಿತ್ತು. ಮೂತ್ರ ಕಣ್ಣಿಗೆ ತಿಳಿಯಾಗಿದ್ದರೂ ಪಟ್ಟಿಯಲ್ಲಿ ಇನ್ನೂ ಸ್ವಲ್ಪ ರಕ್ತ ತೋರಿಸುತ್ತಿತ್ತು. ಕೆಲವು ತಿಂಗಳು ಹಾಗೆ ಇರಬಹುದು, ಆಗಾಗ ನೋಡುತ್ತಿರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಶಾಲೆಗೂ ಹೋಗಿ ಮಾತಾಡಿದೆವು. ಮೊದಲ ಸಲ ಔಷಧಿ ಹಚ್ಚಿದ ಮರುದಿನದಿಂದ ಮಗು ಕ್ಲಾಸಿಗೆ ಬರಬಹುದು ಎಂಬುದು ಟೀಚರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಅವರೇ ಪ್ರೀತಿಯಿಂದ ಕರೆಸಿಕೊಂಡರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಜ್ಜಿಯೂ ಇದೆ. ಶಾಲೆ, ಅಂಗನವಾಡಿಗೆ ಬರುವ ತಂಡ ಮಕ್ಕಳ ಕೈ ಬೆರಳು ಬಿಡಿಸಿ ನೋಡಿದರೆ ಶುರುವಿನಲ್ಲೇ ಸಿಗುತ್ತದೆ.

ಇದೇನು ನಮ್ಮ ಕೋರೆಯೊಂದರ ಕತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಅವರ ಅಂದಾಜಿನಲ್ಲಿ ಯಾವುದೇ ಹೊತ್ತಿನಲ್ಲಿ ಪ್ರಪಂಚದಲ್ಲಿ 20 ಕೋಟಿಗೂ ಜಾಸ್ತಿ ಜನರಿಗೆ ಇದು ಇರುತ್ತದೆ. ಫಿಜಿ ದ್ವೀಪಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ನನಗೆ ತುಂಬಾ ಧೈರ್ಯ ಕೊಟ್ಟಿದೆ. ಅಲ್ಲಿ ಕೆಲವು ಕಡೆ ರೋಗಿ ಮತ್ತು ಅವರ ಹತ್ತಿರದವರಿಗೆ ಮಾತ್ರ ಔಷಧಿ ಕೊಟ್ಟರು, ಒಂದು ವರ್ಷದಲ್ಲಿ ಕಜ್ಜಿ ಅರ್ಧದಷ್ಟು ಇಳಿಯಿತು. ಇನ್ನು ಕೆಲವು ಕಡೆ ಇಡೀ ಊರಿಗೇ ಐವರ್ಮೆಕ್ಟಿನ್ ಕೊಟ್ಟರು, ಅಲ್ಲಿ 94 ಶೇಕಡಾ ಇಳಿಯಿತು. ಒಂದು ಕೋರೆಯ ಶೆಡ್ಡುಗಳೆಲ್ಲ ಸೇರಿದರೆ ಒಂದು ಚಿಕ್ಕ ಊರೇ ಅಲ್ವಾ? ಅಲ್ಲಿ ಮನೆ ಮನೆಗೆ ಬೇರೆ ಬೇರೆ ಚಿಕಿತ್ಸೆ ಮಾಡುವುದಕ್ಕಿಂತ, ಎಲ್ಲರಿಗೂ ಒಟ್ಟಿಗೆ ಕೊಡುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲೇ ಆಗಬೇಕು. ದೀಪಾವಳಿಯ ಮೇಲೆ ಕೂಲಿಯವರು ಬಂದು ಇಳಿಯುವ ಹೊತ್ತೇ ಅದಕ್ಕೆ ಸರಿ.

ಮಳೆ ಹಿಡಿದರೆ ಕೋರೆ ಬಂದ್. ಸಂಸಾರಗಳು ಊರಿಗೆ ಹೊರಟವು. ಊರಿನ ಮನೆಯಲ್ಲಿ ಅಜ್ಜ ಅಜ್ಜಿ, ಅಣ್ಣತಮ್ಮಂದಿರ ಮಕ್ಕಳು ಇದ್ದಾರೆ, ತುರಿಕೆ ಮೊದಲು ಬಂದದ್ದು ಅಲ್ಲಿಂದಲೇ ಇರಬಹುದು. ಪ್ರತಿ ಮನೆಗೂ ಒಂದು ಚೀಟಿ ಬರೆದುಕೊಟ್ಟೆವು: ಏನು ರೋಗ, ಯಾವ ಔಷಧಿ, ಯಾರಿಗೆ ಎಷ್ಟು, ಯಾವ ತಾರೀಕು, ಊರಿನ ಆಶಾಗೆ ತೋರಿಸಿ ಎಂದು. ಹುಡುಗಿಯ ಚೀಟಿಯಲ್ಲಿ ಬಿಪಿ ಮತ್ತು ಮೂತ್ರ ನೋಡಿಸಬೇಕಾದ ತಿಂಗಳುಗಳನ್ನೂ ಬರೆದೆವು. ಮುಂದಿನ ಸಲ ಬಂದಾಗ ಒಂದು ಸಂಸಾರದ ಇಬ್ಬರು ಮಕ್ಕಳಿಗೆ ಪುನಃ ತುರಿಕೆ ಇತ್ತು. ಅಮ್ಮ ಬಂದ ವಾರದಲ್ಲೇ ಉಪಕೇಂದ್ರಕ್ಕೆ ಬಂದು, "ಅಕ್ಕಾರ, ನಮ್ಮ ಮನ್ಯಾಗ ಏಳು ಮಂದಿ ಕೂಡಿ ಮಲಗತೀವ್ರಿ, ಏಳೂ ಮಂದಿಗೆ ಕೊಡ್ರಿ" ಎಂದು ಕೇಳಿ ತೆಗೆದುಕೊಂಡು ಹೋದರು.